ನೀರಿನಿಂದ ಎತ್ತಿದ ಹಾಳೆ

ಬೆಳಗಿನ ಆರು ಗಂಟೆ. ಪುಟ್ಟ ಕೋಣೆಯಲ್ಲಿ ಅಕ್ಕ ಫ್ಯಾನ್ ಆರಿಸಿ, ನೀರು ತುಂಬಿದ ಗಾಜಿನ ತಟ್ಟೆಯ ಮೇಲೆ ಬಗ್ಗಿದ್ದಾರೆ. ನೀರಿನ ಮೇಲೆ ತೇಲುತ್ತಿರುವ ಪ್ಲಾಸ್ಟಿಕ್ ಹಾಳೆಯ ದಪ್ಪ ತಲೆಗೂದಲಿನ ನೂರರಲ್ಲೊಂದು ಪಾಲು. ಅದನ್ನು ಲೋಹದ ಉಂಗುರದ ಮೇಲೆ ಎತ್ತಿಕೊಳ್ಳಬೇಕು. ಪ್ರಯೋಗಾಲಯದ ಇನ್ನೂರು ಮಂದಿಗೂ ಇವರು ‘ಹಾಳೆಯಕ್ಕ’.

ನಕ್ಷತ್ರ ಸ್ಫೋಟಿಸುವಾಗ ಒಳಗೇನು ನಡೆಯುತ್ತದೆಂದು ತಿಳಿಯುವ ಹಂಬಲ ಇಲ್ಲಿಯವರದು. ಅಲ್ಲಿ ಹುಟ್ಟುವ ಕೆಲವು ವಿಕಿರಣಶೀಲ ಪರಮಾಣುಗಳ ಆಯಸ್ಸು ಕೆಲವೇ ಸೆಕೆಂಡು. ಅವನ್ನು ಇಲ್ಲೇ ತಯಾರಿಸಿ, ಅಳಿಯುವ ಮೊದಲೇ ಕಿರಣವಾಗಿ ಓಡಿಸಿ, ಅಕ್ಕನ ಹಾಳೆಯಲ್ಲಿರುವ ಹೈಡ್ರೋಜನ್‌ಗೆ ಡಿಕ್ಕಿ ಹೊಡೆಸುತ್ತಾರೆ. ಈ ಸಲದ ವಿಜ್ಞಾನಿ ಐದು ದಿನ ಈ ಕಿರಣ ಬಳಸುವ ಸರದಿಗಾಗಿ ನಾಲ್ಕು ವರ್ಷ ಕಾದಾಕೆ. ನಿನ್ನೆ, ಎರಡನೇ ದಿನವೇ, ಹಾಳೆ ಹರಿದುಹೋಯಿತು. ಅಕ್ಕನ ಬಳಿ ಇನ್ನುಳಿದಿರುವುದು ಎರಡೇ. ಹೊಸದು ಮಾಡಲು ವಾರ ಹಿಡಿಯುತ್ತದೆ.

ಗಾಜಿನ ಪಾತ್ರೆ ತೊಳೆಯಲು ಸೇರಿದ್ದ ಅಕ್ಕನ ಕೈ ನಡುಗುವುದಿಲ್ಲವೆಂದು ಗುರುತಿಸಿದವರು ಹಿಂದಿನ ತಂತ್ರಜ್ಞರು. ಈಗಲೂ ಹತ್ತು ಹಾಳೆ ಮಾಡಿದರೆ ಮೂರು ದಕ್ಕುತ್ತವೆ.

“ಮೊದಲ್ನೇ ವರ್ಷ ಒಂದೂ ನಿಲ್ಲಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತು ಬರ್ತಿದ್ದೆ,” ಎನ್ನುತ್ತಾರೆ. “ಮನೇಲಿ ಈಗ್ಲೂ ವಾರಕ್ಕೊಂದು ಲೋಟ ಬೀಳಿಸ್ತೀನಿ. ನಮ್ಮತ್ತೆ ನನ್ನ ಕೈಗೆ ಸ್ಟೀಲ್ ಲೋಟ ಮಾತ್ರ ಕೊಡೋದು!”

ಮಾತು ನಿಲ್ಲಿಸಿ, ಉಸಿರು ಬಿಗಿಹಿಡಿದು ಉಂಗುರವನ್ನು ನೀರಿಗಿಳಿಸುತ್ತಾರೆ. ಅಕ್ಕನ ಕೆಲಸದ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ ನನಗೋ ಆ ಸ್ಟೀಲ್ ಲೋಟ ನೆನಪಾಗಿ ಕಿಸಕ್ಕನೆ ನಗು ಬರುತ್ತದೆ. ನನ್ನ ಉಸಿರು ತಾಗಿದ್ದೇ ತಡ, ಹಾಳೆ ಮುದುಡಿ ಹರಿಯುತ್ತದೆ. ಭೂಮಿ ಬಾಯ್ಬಿಡಬಾರದೇ ಎನ್ನಿಸುತ್ತದೆ.

ವಿಜ್ಞಾನಿ ಬಾಗಿಲಲ್ಲಿ ನಿಂತಿದ್ದಾರೆ. “ಏನಾಯ್ತಕ್ಕಾ?”

“ನನ್ನ ಕೈ ಜಾರ್ತು ಮೇಡಂ. ಇನ್ನೊಂದಿದೆ, ಹೆದರ್ಬೇಡಿ.”

ನಾನು ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೆ ಒತ್ತಿಕೊಂಡು ನಿಲ್ಲುತ್ತೇನೆ. ಕೊನೆಯ ಹಾಳೆ ಒಂದು ಸುಕ್ಕೂ ಇಲ್ಲದೆ ಉಂಗುರದ ಮೇಲೆ ಕೂತು ಮೇಲೆ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಿರಣ ಮತ್ತೆ ಓಡುತ್ತಿದೆ. ವಿಜ್ಞಾನಿ ಅಕ್ಕನ ಎರಡೂ ಕೈ ಹಿಡಿದುಕೊಳ್ಳುತ್ತಾರೆ. ಅವರಿಗಿಂತ ನಾನೇ ಹೆಚ್ಚು ಋಣಿ. ತಪ್ಪು ನನ್ನದೆಂದು ವಿಜ್ಞಾನಿಯ ಬಳಿಯೂ ಒಪ್ಪಿಕೊಂಡಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ.

“ತಪ್ಪನ್ನ ನಿಮ್ಮ ಮೇಲೆ ಯಾಕೆ ಹಾಕ್ಕೊಂಡ್ರಿ?” ಎಂದು ಆಮೇಲೆ ಕೇಳುತ್ತೇನೆ.

“ನಿಮ್ದು ಅಂದಿದ್ರೆ ಹೊರಗೆ ಕಳಿಸ್ಬಿಡ್ತಿದ್ರು,” ಅಕ್ಕ ತಟ್ಟೆ ತೊಳೆಯುತ್ತಲೇ ಹೇಳುತ್ತಾರೆ. “ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸ ನೋಡೋಕೆ ಅಂತ್ಲೇ ಬಂದವರು ನೀವೊಬ್ರೇ. ಒಂದು ಹಾಳೆನಾದ್ರೂ ಸರಿಯಾಗಿ ಎತ್ತೋದನ್ನ ನೀವು ನೋಡ್ಲೇಬೇಕು ಅನ್ನಿಸ್ತು.”