ಕಾಯಿ ಒಡೆದ ಕ್ಯಾಂಡಿಡೇಟು

ಈ ಸಲ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಕಾಯಿ ಒಡೆದವನು ಒಬ್ಬ ಸಮೋವಾದವನು. ಎಲೆಕ್ಷನ್ನಿಗೆ ನಿಂತವನು. ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು. ಅವನನ್ನು ಮಣೆಯ ಮೇಲೆ ಕೂರಿಸಿದವಳು ನಾನು.

ನಗಬೇಡಿ. (ನಗಿ, ಪರವಾಗಿಲ್ಲ. ನನ್ನ ಸೊಸೆ ಇನ್ನೂ ನಿಲ್ಲಿಸಿಲ್ಲ.)

ಆವತ್ತು ಮಗ, ಸೊಸೆ ಇಬ್ಬರೂ ಬಾಳೆ ಎಲೆ ತರಲು ಇಲ್ಲೇ ಶಿಕಾಗೋ ಪಕ್ಕದ ಲೊಂಬಾರ್ಡ್ ಕಡೆಯ ಇಂಡಿಯನ್ ಸ್ಟೋರಿಗೆ ಹೋಗಿದ್ದರು. ಮೊಮ್ಮಗಳು ದಿಶಾ ಮಹಡಿಯ ಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಅಂದರೆ ಮನೆಯಲ್ಲಿ ಇರಲಿಲ್ಲ ಅಂತಲೇ ಲೆಕ್ಕ. ಲೆಮಾಂಟ್ ದೇವಸ್ಥಾನದ ಪುರೋಹಿತರಿಗೆ ಪುರುಸೊತ್ತಿಲ್ಲ ಎಂದು ಡೆಟ್ರಾಯಿಟ್ ಹತ್ತಿರದ ವೆಸ್ಟ್ ಬ್ಲೂಮ್‌ಫೀಲ್ಡಿನಿಂದ ಹೊಸಬರೊಬ್ಬರನ್ನು ಗೊತ್ತು ಮಾಡಿದ್ದರು. ಅವರ ಮುಖ ನಾವ್ಯಾರೂ ನೋಡಿರಲಿಲ್ಲ.

ಬೆಲ್ ಆಯಿತು. ಬಾಗಿಲು ತೆಗೆದರೆ ಬೀರುವಿನಂಥ ಆಳು. ನಮ್ಮದೇ ಬಣ್ಣ. ತಲೆಯ ಮೇಲೆ ಜುಟ್ಟು. ಸೊಂಟಕ್ಕೆ ಬಿಳಿ ಪಂಚೆ, ಮೇಲೆ ಬಿಳಿ ಶರ್ಟು, ಹೆಗಲಲ್ಲಿ ಚೀಲ. ನಾನು ಬಾಯಿ ತೆಗೆಯುವ ಮೊದಲೇ ಚಪ್ಪಲಿ ಬಿಟ್ಟ. ನೀವೇ ಹೇಳಿ, ಏನಂದುಕೊಳ್ಳಬೇಕು? ಶರ್ಟು ಯಾಕೆ ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಹೊರಗೆ ಆ ಚಳಿ. ಬರಿಮೈಯಲ್ಲಿ ಬಂದಿದ್ದರೆ ದೇವರೇ ಬೈಯುತ್ತಿದ್ದ.

"ಇಷ್ಟು ಹೊತ್ತಿಗಾ ಬರೋದು? ನಾಲ್ಕೂವರೆಗೆ ರಾಹುಕಾಲ. ಕೂತ್ಕೊಳಿ ಮೊದಲು" ಎಂದು ಮಣೆ ತೋರಿಸಿದೆ.

ಕೂತುಬಿಟ್ಟ. ಚಕ್ಕಳಮಕ್ಕಳ ಹಾಕಿಕೊಂಡು, ಬೆನ್ನು ನೆಟ್ಟಗೆ. ಕಾಫಿ ಕೊಟ್ಟೆ, ಕುಡಿದ. ಮುಂದೆ ತಟ್ಟೆಯಲ್ಲಿ ವೀಳ್ಯದೆಲೆ, ತೆಂಗಿನಕಾಯಿ ಇಟ್ಟೆ. ಕಾಯಿ ಕಂಡದ್ದೇ ಅವನ ಮುಖ ಅರಳಿತು. ಕೈಗೆತ್ತಿಕೊಂಡು ಫೈರ್‌ಪ್ಲೇಸಿನ ಕಲ್ಲಿಗೆ ಒಂದೇ ಒಂದು ಏಟು. ಸರಿಸಮ ಎರಡು ಹೋಳು, ಒಂದು ತೊಟ್ಟು ನೀರು ಚೆಲ್ಲಲಿಲ್ಲ. (ನನ್ನ ಮಗ ಗರಾಜಿನಲ್ಲಿ ಸುತ್ತಿಗೆ ಹಿಡಿದು ಕಾಯಿ ಒಡೆಯುತ್ತಾನೆ. ಇಂಜಿನಿಯರು.)

ಆಮೇಲೆ ಶುರು ಮಾಡಿದ. ಏನು ಗಂಟಲು! ಏರಿಸುತ್ತಾನೆ, ಇಳಿಸುತ್ತಾನೆ, ನನ್ನ ಕಡೆ ಕೈ ಚಾಚುತ್ತಾನೆ, ಸೂರಿನ ಕಡೆ ನೋಡುತ್ತಾನೆ. ಮಂತ್ರ ಒಂದೂ ಕೇಳಿದ ಹಾಗಿರಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ಡೆಟ್ರಾಯಿಟ್ ಕಡೆಯ ಪದ್ಧತಿ ಇರಬಹುದು ಅಂದುಕೊಂಡು ಕೈ ಮುಗಿದು ಕೂತೆ.

ಅಷ್ಟರಲ್ಲಿ ಮಗ, ಸೊಸೆ ಬಂದರು. ಅವರ ಹಿಂದೆ ಜೀನ್ಸ್, ಟೋಪಿ ಹಾಕಿಕೊಂಡಿದ್ದ ಒಬ್ಬ ಹುಡುಗ.

ಆ ಹುಡುಗ ಮಣೆಯ ಕಡೆ ನೋಡಿ, "ಅಮ್ಮ, ಇವರ್ಯಾರು?" ಅಂದ.

"ಪುರೋಹಿತರು ಕಣಪ್ಪ. ನೀನ್ಯಾರು?" ಅಂದೆ.

"ನಾನು ಪುರೋಹಿತ."

ಪಂಚೆ ಅವನ ಬ್ಯಾಗಿನಲ್ಲಿತ್ತಂತೆ. ದೂರದ ಡ್ರೈವಿಗೆ ಜೀನ್ಸೇ ಕಂಫರ್ಟಂತೆ. ತಪ್ಪು ಯಾರದು ಹಾಗಾದರೆ?

ಗಲಾಟೆ ಕೇಳಿ ದಿಶಾ ಇಳಿದು ಬಂದಳು. ಚೀಲದಿಂದ ಇಣುಕುತ್ತಿದ್ದ ಕಾಗದ ಎಳೆದು ನೋಡಿ, "ಅಜ್ಜಿ, ಹಿ ಈಸ್ ರನ್ನಿಂಗ್ ಫಾರ್ ವಿಲೇಜ್ ಬೋರ್ಡ್" ಅಂದಳು. (ನಮ್ಮ ಕಡೆಯ ಪಂಚಾಯಿತಿ ಇದ್ದ ಹಾಗೆ. ಇಲ್ಲಿ ನಮ್ಮೂರಿಗೆ ವಿಲೇಜ್ ಅಂತಲೇ ಹೆಸರು. ಒಂದು ಹಸು ಇಲ್ಲ, ಒಂದು ಸಗಣಿ ಕುಪ್ಪೆ ಇಲ್ಲ. ಆದರೂ ವಿಲೇಜು.)

ಅವನ ಹೆಸರು ತವಿತ. ನಮ್ಮ ಸವಿತ, ಕವಿತರ ತಂಗಿ ಇದ್ದ ಹಾಗಿದೆ, ಇರಲಿ. ಅವನ ಕಥೆಯನ್ನೆಲ್ಲ ದಿಶಾ ಕೇಳಿ ಕೇಳಿ ನನಗೆ ಹೇಳಿದಳು. ಅಪ್ಪ ಸಮೋವಾ ಎಂಬ ದ್ವೀಪದಿಂದ ಡೆಟ್ರಾಯಿಟ್‌ನ ಕಾರು ಫ್ಯಾಕ್ಟರಿಗೆ ಬಂದವನು. ಇವನು ಹುಟ್ಟಿದ್ದೂ ಅಲ್ಲೇ. ಶಿಕಾಗೋಗೆ ಬಂದದ್ದು ಕಾಲೇಜಿನಲ್ಲಿ ಫುಟ್‌ಬಾಲ್ ಆಡಲು. ಮಂಡಿ ಹೋಯಿತು, ಆಟವೂ ಹೋಯಿತು. ಈಗ ಸ್ಕೂಲಿನಲ್ಲಿ ಪಿ.ಟಿ. ಮಾಸ್ತರು. ಎಲೆಕ್ಷನ್ನಿಗೆ ಎರಡು ಸಲ ನಿಂತು ಎರಡು ಸಲವೂ ಸೋತಿದ್ದಾನೆ. ಈ ಸಲವೂ ಸೋತರೆ ಹೆಂಡತಿ ಮನೆಗೆ ಸೇರಿಸುವುದಿಲ್ಲ ಅಂದಿದ್ದಾಳಂತೆ.

ಉಟ್ಟಿದ್ದು ಅವರ ಕಡೆ ಚರ್ಚಿಗೆ ಉಡುವ ಬಟ್ಟೆ. ಅದಕ್ಕೆ ಜೇಬು ಬೇರೆ ಇದೆ. ಜೇಬಿರುವ ಪಂಚೆ! ನಮ್ಮ ಗಂಡಸರಿಗೆ ಯಾಕೆ ಹೊಳೆಯಲಿಲ್ಲ?

ಸರಿ, ಮಣೆಯ ಮೇಲೆ ಯಾಕಪ್ಪ ಕೂತೆ ಅಂದರೆ, ದೊಡ್ಡವರು ಕೂರು ಅಂದರೆ ಕೂರುವುದು ಅವರ ಪದ್ಧತಿಯಂತೆ. ಕೊಟ್ಟದ್ದನ್ನು ಬೇಡ ಅನ್ನಬಾರದಂತೆ. ಮಾತಿಗೆ ಮೊದಲು ಆ ಮನೆಯನ್ನೂ ಮನೆಯ ಯಜಮಾನಿಯನ್ನೂ ಅವರ ಭಾಷೆಯಲ್ಲೇ ಹೊಗಳಬೇಕಂತೆ. ಅಂದರೆ ಅವನು ಅಷ್ಟು ಹೊತ್ತು ಹೊಗಳಿದ್ದು ನನ್ನನ್ನು! ಈ ಮನೆಯಲ್ಲಿ ಮೊದಲ ಸಲ.

ಪೂಜೆ ಮುಗಿಯಿತು. ಸಪಾದಭಕ್ಷ್ಯ ಎರಡೆರಡು ಸಲ ಹಾಕಿಸಿಕೊಂಡ ಮೇಲೆ ತವಿತ ವೋಟಿನ ಮಾತೆತ್ತಿದ. ಮಗ ತಲೆ ಕೆರೆದುಕೊಂಡ. ಅವನದು, ಸೊಸೆಯದು ಗ್ರೀನ್ ಕಾರ್ಡ್, ಇನ್ನೂ ಸಿಟಿಜನ್ ಆಗಿಲ್ಲ. ನನ್ನದೂ ಅಷ್ಟೆ. ದಿಶಾಗೆ ಹದಿನೇಳು. ಬಂದ ನೆಂಟರೆಲ್ಲ ವೀಸಾದವರು. ಪುರೋಹಿತ ಬೇರೆ ರಾಜ್ಯ, ಮಿಶಿಗನ್ನಿನವನು. ಅಷ್ಟು ಜನರಲ್ಲಿ ಒಂದು ವೋಟಿಲ್ಲ. ಇಡೀ ಬೀದಿಯಲ್ಲಿ ಅವನಿಗೆ ಬಾಗಿಲು ತೆಗೆದದ್ದು ನಾವೊಬ್ಬರೇ ಅಂತೆ.

ಆ ದೊಡ್ಡ ಮುಖ ಇಷ್ಟೇ ಇಷ್ಟಾಯಿತು. ನನಗೆ ಕರುಣೆ ಗಿರುಣೆ ಇಲ್ಲ. ಆದರೆ ಊರಿನ ಕೆರೆಯ ಸುತ್ತ ವಾಕಿಂಗ್ ಹೋದರೆ ಕೂರಲು ಒಂದು ಬೆಂಚಿಲ್ಲ. ನನಗೂ ಮಂಡಿನೋವು, ಅವನಿಗೂ ಮಂಡಿನೋವು.

"ಗೆದ್ದರೆ ಬೆಂಚು ಹಾಕಿಸ್ತೀಯೇನೋ ಅಂತ ಕೇಳೇ" ಅಂದೆ ದಿಶಾಗೆ. ಎದೆ ಮುಟ್ಟಿಕೊಂಡು ಹೂಂ ಅಂದ.

ಪ್ರಸಾದದ ಡಬ್ಬಿ ಎತ್ತಿಕೊಂಡು ಹೊರಟೆ, ಅವನನ್ನು ಹಿಂದಿಟ್ಟುಕೊಂಡು. ಪ್ರತಿ ಪೂಜೆಗೂ ಅಕ್ಕಪಕ್ಕದವರಿಗೆ ಪ್ರಸಾದ ಕೊಡುತ್ತೇನೆ, ಕದ ತೆಗೆಯುತ್ತಾರೆ. ಕ್ಯಾಂಡಿಡೇಟಿಗೆ ತೆಗೆಯದ ಬಾಗಿಲು ಸಜ್ಜಿಗೆಗೆ ತೆಗೆಯಿತು. ಅವರು ತಿನ್ನುವಷ್ಟರಲ್ಲಿ ಅವನು ಮಾತಾಡಿದ. ಬಾಯಿ ತುಂಬಿದ್ದವರು ಕದ ಹಾಕುವುದು ಹೇಗೆ? ಮರು ಭಾನುವಾರವೂ ಸಜ್ಜಿಗೆ ಕಲಸಿದೆ, ಪೂಜೆ ಇಲ್ಲದೆ. (ದೇವರು ಕ್ಷಮಿಸಲಿ, ತುಪ್ಪ ಮಾತ್ರ ಕಮ್ಮಿ ಮಾಡಲಿಲ್ಲ.)

ಗೆದ್ದ.

ಹೋದ ವಾರ ಕೆರೆಯ ಹತ್ತಿರ ಸಿಕ್ಕಿದ. ಪ್ಯಾಂಟು, ಕೋಟು, ಟೈ. ಅವರ ಪದ್ಧತಿಯ ಹಾಗೆ ಕೆನ್ನೆಗೆ ಕೆನ್ನೆ ತಾಗಿಸಿ ಮಾತಾಡಿಸಿದ. "ಬೆಂಚೆಲ್ಲೋ?" ಅಂತ ದಿಶಾ ಕೈಲಿ ಕೇಳಿಸಿದೆ. ಕಮಿಟಿ ಮಾಡಿದ್ದಾರಂತೆ, ಕಮಿಟಿ ಸ್ಟಡಿ ಮಾಡುತ್ತಿದೆಯಂತೆ.

ಒಂದೇ ಏಟಿಗೆ ಕಾಯಿ ಒಡೆಯುವವನಿಗೆ ಬೆಂಚು ಹಾಕಿಸಲು ಕಮಿಟಿ ಯಾಕ್ರೀ ಬೇಕು?