ಬಾಣಂತಿಯಂತೆ ಮಲಗಿಸಿದ್ದಳು

ದಾವಣಗೆರೆ ಆಗಿನ್ನೂ ಹೊಸದಾಗಿ ಜಿಲ್ಲೆಯಾಗಿತ್ತು. ನಾನು ಹಳೆ ಗೋಣಿಚೀಲ ಕೊಂಡು ಮಾರುತ್ತಲೇ ಸ್ವಂತ ಗೋದಾಮು ಮಾಡಿಕೊಂಡವನು. ಯಾರ ಹತ್ತಿರ ಎಷ್ಟು ಜಗ್ಗಬೇಕೆಂದು ಗೊತ್ತಿತ್ತು. ಹೆಂಡತಿಯ ತಲೆಯೊಳಗಿನ ಗೆಡ್ಡೆಯ ಮುಂದೆ ಮಾತ್ರ ಯಾವ ಚೌಕಾಸಿಯೂ ನಡೆಯಲಿಲ್ಲ. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದ ಮೇಲೆ ಅವಳು ಹಗಲೆಲ್ಲ ಮಲಗುವಳು, ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿರುವಳು. ಜೊತೆಗೆ ನಾನೂ.

ಉಳಿದ ಗೆಡ್ಡೆಗೆ ಹುಬ್ಬಳ್ಳಿಯಲ್ಲಿ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸುವುದು ಬಾಕಿಯಿತ್ತು.

“ನಿದ್ದೆ ಇಲ್ದೆ ಈ ಮೈ ಅದನ್ನ ತಡೆಯೋದು ಕಷ್ಟ,” ಎಂದರು ನಮ್ಮೂರ ಡಾಕ್ಟರು. “ಬೆಳಿಗ್ಗೆ ಬೆಳಕಿಗೆ ಕೂಡಿಸ್ರಿ. ಹಗಲು ಎಚ್ಚರ ಇರ್ಲಿ.”

“ಬೆಳಕಿಗೆ ಗೆಡ್ಡೆ ಕರಗ್ತತೇನ್ರಿ?”

“ಇಲ್ಲ. ರಾತ್ರಿ ನಿದ್ದೆ ಬಂದ್ರೆ ಸಾಕು ಅಂತ ಹೇಳ್ತಿರೋದು.”

ಆರೈಕೆಗೆಂದು ಹರಿಹರದಿಂದ ನನ್ನಕ್ಕ ಬಂದಿದ್ದಳು. ನಮ್ಮ ಬಳಗದ ಬಾಣಂತನವೆಲ್ಲ ಅವಳದೇ. ರೋಗ ಯಾವುದಾದರೇನು, ಅವಳಿಗೆ ಗೊತ್ತಿದ್ದ ಆರೈಕೆ ಅದೊಂದೇ. ತಲೆಗೆ, ಕಿವಿಗೆ ಬಟ್ಟೆ ಕಟ್ಟಿ, ಕಿಟಕಿಗೆ ಕಂಬಳಿ ಇಳಿಬಿಟ್ಟು, ಕತ್ತಲಲ್ಲಿ ಮಲಗಿಸಿದ್ದಳು. ನಾನು ಕಂಬಳಿಗೆ ಕೈ ಹಾಕಿದೆ.

“ಬಿಡೋ ತಮ್ಮಾ. ಹಸಿ ಮೈ ಐತೆ, ಗಾಳಿ ಹೊಕ್ಕರೆ ನೀನು ನೋಡ್ಕೊಳ್ತೀಯಾ?”

“ಇವಳೇನು ಹಡೆದಾಳೇನಕ್ಕಾ?”

“ಹಡೆದವಳಿಗಿಂತ ಹೆಚ್ಚು ನೊಂದಾಳೆ.”

ನಾನು ಕಂಬಳಿಯಿಂದ ಕೈ ತೆಗೆದೆ. ವ್ಯಾಪಾರಕ್ಕೆ ಇಳಿದೆ. “ತಲೆಬಟ್ಟೆ ಇರ್ಲಿ. ಬೆಳಿಗ್ಗೆ ಹೊತ್ತು ಮಾತ್ರ ನನಗೆ ಬಿಟ್ಟುಕೊಡು, ಹಗಲು ಎಚ್ಚರ ಇರ್ಲಿ ಅಂದಾರೆ ಡಾಕ್ಟರು.”

“ಹೊಸ್ತಿಲ ಒಳಗೆ ಕೂಡ್ಲಿ. ಹೊರಗೆ ಬ್ಯಾಡ.”

“ಕಟ್ಟೆ ಮೇಲೆ. ಬೇಕಾದ್ರೆ ಶಾಲು ಹೊದಿಸು.”

ಹಾಸಿಗೆಯಿಂದ ಹೆಂಡತಿಯ ದನಿ ಬಂತು: “ನಾನೇನ್ ಗೋಣಿಚೀಲಾನಾ, ನನ್ನ ಮುಂದೇನೆ ವ್ಯಾಪಾರ ಮಾಡ್ತೀರಲ್ಲ? ಎಬ್ಬಿಸ್ರಿ, ಕಟ್ಟೆಗೆ ಹೋಗ್ತೀನಿ.”

ಅಕ್ಕ ಗೊಣಗುತ್ತಲೇ ಶಾಲು ತಂದಳು. ಮಧ್ಯಾಹ್ನ ಹೆಂಡತಿಯ ಕಣ್ಣು ಎಳೆಯತೊಡಗಿದಾಗ ತಾನೇ ಪಕ್ಕದಲ್ಲಿ ಕೂತು, ಹರಿಹರದ ತನ್ನ ಓಣಿಯ ಜಗಳಗಳನ್ನೆಲ್ಲ ಒಂದೊಂದಾಗಿ ಹೇಳಿ ಎಚ್ಚರವಿಟ್ಟಳು. ನಿಮ್ಮ ಮನೆಯಲ್ಲಿ ಇಂಥ ರೋಗಿಯಿದ್ದರೆ ಒಂದು ಮಾತು: ಡಾಕ್ಟರ ಹತ್ತಿರ ಹೋಗುವಾಗ ಆರೈಕೆ ಮಾಡುವವರನ್ನೂ ಕರೆದುಕೊಂಡು ಹೋಗಿ. ನಾನೊಬ್ಬನೇ ಕೇಳಿ ಬಂದದ್ದರಿಂದ ಪ್ರತಿಯೊಂದಕ್ಕೂ ಮನೆಯಲ್ಲಿ ಮತ್ತೆ ಜಗ್ಗಬೇಕಾಯಿತು.

ನಿದ್ದೆ ಕೂಡಲೇ ಬರಲಿಲ್ಲ. ಬಂದ ರಾತ್ರಿಯೂ ಪೂರ್ತಿ ಬರುತ್ತಿರಲಿಲ್ಲ. ಆದರೂ ಬರಬರುತ್ತಾ ಅವಳು ರಾತ್ರಿ ಊಟವಾದ ಮೇಲೆ ತಾನೇ ಗೋಡೆ ಕಡೆ ಹೊರಳಿ ನಿದ್ದೆ ಹೋಗತೊಡಗಿದಳು. ಡಾಕ್ಟರು ನೋಡಿ, ಇನ್ನು ಹುಬ್ಬಳ್ಳಿಗೆ ಹೋಗಬಹುದು ಎಂದರು.

ಹೊರಟ ದಿನ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಎಚ್ಚರವಾಗಿ ಕೂತಿದ್ದಳು. ಊರ ಹೊರಗಿನ ಬಾತಿ ದಾಟುವ ಮೊದಲೇ ನಾನು ಅವಳ ಹೆಗಲಿಗೆ ಒರಗಿ ಮಲಗಿಬಿಟ್ಟೆನಂತೆ. ಹರಿಹರದ ಸೇತುವೆಯ ಮೇಲೂ ಅವಳು ನನ್ನನ್ನು ಎಬ್ಬಿಸಲಿಲ್ಲ.