ಸೆರಗಿನಡಿ ತಿರುಗಿ ಹೋದ ಶ್ಯಾವಿಗೆ

ಹೋದ ವಾರ ನಿಪ್ಪಾಣಿಯ ಕಿರಾಣಿ ಅಂಗಡಿಯಲ್ಲಿ ಯಾರಿಗೋ ಒಣ ಖರ್ಜೂರ, ಏಲಕ್ಕಿ ತೂಗುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಕಲಿಯ ನಮ್ಮ ಪಕ್ಕದ ಮನೆಯ ಚಾಚಿ ನೆನಪಾದರು. ನೆನಪಾದರು ಎನ್ನಲಿಕ್ಕೂ ನನಗೆ ನಾಚಿಕೆ.

ನಮ್ಮದು ಜೈನರ ಮನೆ, ಅವರದು ಮುಸಲ್ಮಾನರ ಮನೆ. ನಾನಾಗ ಚಿಕ್ಕೋಡಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ರಮಜಾನ್ ಹಬ್ಬಕ್ಕೆ ಚಾಚಿ ಓಣಿಯ ಮನೆಗಳಿಗೆಲ್ಲ ಬಿಸಿ ಸುರಕುಂಬಾ, ಅದೇ ಹಾಲು-ಖರ್ಜೂರದ ಶ್ಯಾವಿಗೆ ಪಾಯಸ, ಕಳಿಸುತ್ತಿದ್ದರು. ನಮಗೆ ಮಾತ್ರ ಹಸಿ ಸಾಮಾನು: ಬೇಸಿಗೆಯಲ್ಲಿ ತಾವೇ ಹೊಸೆದು ಒಣಗಿಸಿದ ಶ್ಯಾವಿಗೆ, ಸಕ್ಕರೆ, ಖರ್ಜೂರ, ಡೇರಿಯ ಹಾಲಿನ ಪಾಕೀಟು.

"ನಾವ್ ಮಾಡಿದ್ದ ನಿಮಗ ನಡ್ಯಾಂಗಿಲ್ಲ ವೈನಿ, ನೀವ ಮಾಡ್ಕೊಂಡ ಉಣ್ರಿ," ಎನ್ನುತ್ತಿದ್ದರು. ಆ ಮಾತಿನಲ್ಲಿ ಒಂದು ಚೂರು ಕಹಿ ಇರುತ್ತಿರಲಿಲ್ಲ. ದೀಪಾವಳಿಗೆ ನಮ್ಮ ಚಕ್ಕುಲಿ, ಕರಜಿಕಾಯಿ ಅವರ ಮನೆಗೆ ತಾಟು ತುಂಬಿ ಹೋಗುತ್ತಿದ್ದವು. ಚಾಚಿ ತಿಂದು, ಖಾರ ಹೆಚ್ಚಾಗಿದ್ದರೆ ಮುಖದ ಮೇಲೇ ಹೇಳುತ್ತಿದ್ದರು.

ಅವರ ಶ್ಯಾವಿಗೆ ಮಾತ್ರ ನಮ್ಮ ಒಲೆ ಏರಲೇ ಇಲ್ಲ. ಅವ್ವ ಎರಡೂ ಕೈಯೊಡ್ಡಿ ತೆಗೆದುಕೊಳ್ಳುವಳು, ನಕ್ಕು ಮಾತಾಡಿಸುವಳು. ಚಾಚಿ ಹೊಸ್ತಿಲು ದಾಟಿದ ಕೂಡಲೇ ಎಲ್ಲವನ್ನೂ ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಮಾವಶಿಯ ಉಡಿಗೆ ಹಾಕಿಬಿಡುವಳು. ಹಸಿ ಸಾಮಾನಿಗೆ ಎಂಥ ಮೈಲಿಗೆ ಎಂದು ಒಮ್ಮೆ ಕೇಳಿದ್ದೆ.

"ಸುಮ್ಮ ಕುಂದ್ರ, ಶಾಣ್ಯಾಕಿ ಆಗಬ್ಯಾಡ," ಎಂದಳು ಅವ್ವ. ನಾನೂ ಪುಸ್ತಕ ಹಿಡಿದು ಕೂತೆ.

ಒಂದು ವರ್ಷ, ಹಬ್ಬದ ಮರುದಿನ ಮುಂಜಾನೆ ಚಾಚಿ ಗಡಿಬಿಡಿಯಿಂದ ಬಂದರು. ಸೆರಗಿನಡಿ ಏನೋ ಪುಡಿಕೆ ಇತ್ತು. ಅವರು ಬಾಯಿ ತೆರೆಯುವ ಮೊದಲೇ ಅವ್ವ ಶುರು ಮಾಡಿದಳು.

"ಬರ್ರಿ ಚಾಚಿ! ನಿಮ್ಮ ಶ್ಯಾವಿಗಿ ಪಾಯಸ ಏನ್ ರುಚಿ ಆಗಿತ್ರೀ! ಎಲ್ಲಾರೂ ಬಟ್ಟಲಾ ನೆಕ್ಕಿ ಉಂಡ್ವಿ."

ಚಾಚಿ ನಿಂತಲ್ಲೇ ನಿಂತರು. ಅವ್ವನ ಮುಖ ನೋಡಿದರು, ಆಮೇಲೆ ನನ್ನ ಮುಖ.

"ಹೌದೇನ್ರಿ... ಛಲೋ ಆತ ಬಿಡ್ರಿ," ಎಂದು ಸೆರಗು ಎಳೆದುಕೊಂಡು, ಪುಡಿಕೆಯ ಸಮೇತ ಹೊರಟುಹೋದರು. ಚಹಾಕ್ಕೂ ನಿಲ್ಲಲಿಲ್ಲ.

ಮಧ್ಯಾಹ್ನ ಮಾವಶಿ ಬಂದಳು. "ಅಕ್ಕಾರ, ನಿನ್ನಿನ ಶ್ಯಾವಿಗಿ ಉಪ್ಪಿಟ್ಟಿನವು ಇದ್ವು ಕಾಣಸ್ತೈತಿ. ಉಪ್ಪ ಹಾಕಿ ನಾದ್ಯಾರ. ಹಾಲೆಲ್ಲಾ ಒಡದು, ಬಾಯಾಗ ಇಡಾಕ ಆಗಲಿಲ್ಲ ನೋಡ್ರಿ."

ಅಯ್ಯೋ ದೇವರೇ! ಪುಡಿಕೆ ಅದಲುಬದಲಾದದ್ದು ತಿಳಿದು, ಸಿಹಿಗೆ ಆಗುವ ಶ್ಯಾವಿಗೆ ಕೊಟ್ಟು ಹೋಗಲು ಚಾಚಿ ಓಡಿ ಬಂದಿದ್ದರು. ನಮ್ಮ ಹಬ್ಬದೂಟ ಕೆಟ್ಟಿತಲ್ಲಾ ಎಂದು ಅವರಿಗೆ ಸಂಕಟ, ನಾವೋ ಬಟ್ಟಲು ನೆಕ್ಕಿದ ಕಥೆ ಹೇಳುತ್ತಿದ್ದೆವು. ಅವ್ವ ಅಡುಗೆಮನೆಗೆ ಹೋಗಿ ಕುಳಿತಳು.

"ಹೋಗಿ ಹೇಳೂಣ ಬಾ ಅವ್ವಾ," ಎಂದೆ.

"ಏನಂತ ಹೇಳೂದ?"



ಮುಂದಿನ ರಮಜಾನಿಗೂ ಚಾಚಿ ಬಂದರು, ಬರಿಗೈಯಲ್ಲಿ. ಹೊಸ ಸೀರೆ ಉಟ್ಟಿದ್ದರು. ಅವ್ವನ ಕೈ ಹಿಡಿದು ಸುಖದುಃಖ ಕೇಳಿದರು, ಚಹಾ ಕುಡಿದರು. ಸಂಜೆ ಮಾವಶಿ ಹಿಗ್ಗಿನಿಂದ ಹೇಳಿದಳು: "ಚಾಚಿ ಈ ಸಲ ಅಷ್ಟ ದೂರ ನಮ್ಮ ಮನೀತನಾ ನಡಕೋಂತ ಬಂದ ಸುರಕುಂಬಾ ಕೊಟ್ಟ ಹೋದರ್ರಿ. ಬಿಸಿಬಿಸಿ ಇತ್ತು!"

ನಾವು ಯಾರಿಗೆ ಕೊಡುತ್ತಿದ್ದೆವೆಂದು ಅವರಿಗೆ ಹೇಗೆ ಗೊತ್ತಾಯಿತೋ... ಕೇಳಲು ನಮಗೆ ಮುಖವೆಲ್ಲಿತ್ತು? ಅವ್ವ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ಈಗ ಚಾಚಿಯೂ ಇಲ್ಲ, ಅವ್ವನೂ ಇಲ್ಲ. ನಾನು ಯಾರ ಮನೆಯಲ್ಲಾದರೂ ಉಣ್ಣುತ್ತೇನೆ, ಹಾಗಂತ ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ ಕೂಡ. ಆದರೆ ಚಾಚಿ ಮಾಡುತ್ತಿದ್ದ ಸುರಕುಂಬಾ ಹೇಗಿರುತ್ತಿತ್ತು ಎಂದು ಯಾರಾದರೂ ಕೇಳಿದರೆ, ಮಾವಶಿಯನ್ನೇ ಕೇಳಬೇಕು.